ಸಂಕವ್ವನ ಪ್ರೆಸ್ಸು ನಿದ್ದೆ ಕಲಿತದ್ದು

ನಮ್ಮೂರಿನಲ್ಲಿ ಮಧ್ಯಾಹ್ನ ಕಬ್ಬಿಣ ಮಲಗುತ್ತದೆ. ನಾನು ಹುಟ್ಟುವುದಕ್ಕಿಂತ ಮೊದಲಿನಿಂದಲೂ ಹಾಗೆಯೇ, ನನ್ನ ಅಜ್ಜಿ ಹುಟ್ಟುವುದಕ್ಕಿಂತ ಮೊದಲಿನಿಂದಲೂ ಹಾಗೆಯೇ. ಹೊತ್ತು ನೆತ್ತಿಗೆ ಬಂದು ಸೂರಿನ ನೆರಳು ಗೋಡೆಯ ಬುಡಕ್ಕೆ ಅಂಟಿಕೊಂಡಿತೆಂದರೆ ಮುಗಿಯಿತು, ಚಾಕು ಕೊಯ್ಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ಕೀಲಿಕೈ ತಿರುಗುವುದಿಲ್ಲ, ಬಾವಿಯ ಗಾಲಿ ಉರುಳುವುದಿಲ್ಲ. ನೆರಳು ಅಂಗಳದ ಅರ್ಧಕ್ಕೆ ಸರಿದ ಮೇಲೆ ತಾನಾಗಿಯೇ ಏಳುತ್ತದೆ. ಅಲ್ಲಿಯವರೆಗೆ ಮುಟ್ಟಿ ನೋಡಿದರೆ ಮಲಗಿದ ಕೂಸಿನ ಹಣೆಯ ಹಾಗೆ ಬೆಚ್ಚಗಿರುತ್ತದೆ.

ಅದಕ್ಕೆ ತಕ್ಕ ಹಾಗೆ ನಾವೂ ಹೊಂದಿಕೊಂಡಿದ್ದೇವೆ. ಪಲ್ಯದ ಕಾಯಿಯನ್ನು ಬೆಳಿಗ್ಗೆಯೇ ಹೆಚ್ಚಿಟ್ಟುಕೊಳ್ಳುತ್ತೇವೆ, ನೀರನ್ನು ಹೊತ್ತೇರುವ ಮೊದಲೇ ಸೇದಿಡುತ್ತೇವೆ. ಚಿಲಕ ಸರಿಯುವುದಿಲ್ಲವಾದ್ದರಿಂದ ಆ ಹೊತ್ತಿನಲ್ಲಿ ಒಳಗಿದ್ದವರು ಒಳಗೇ, ಹೊರಗಿದ್ದವರು ಹೊರಗೇ. ಜಗಳವಾಡುತ್ತ ಒಳಗೆ ಸಿಕ್ಕಿಬಿದ್ದ ಗಂಡ ಹೆಂಡಿರು, ಇನ್ನೆಷ್ಟು ಹೊತ್ತು ಬೈದಾಡುವುದು ಎಂದು ಬೇಸತ್ತು, ಬಾಗಿಲು ತೆರೆಯುವಷ್ಟರಲ್ಲಿ ಒಂದಾಗಿ ಹೊರಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಹೊತ್ತು ಮರೆತು ಕ್ಷೌರಕ್ಕೆ ಕುಳಿತವನು ಅರ್ಧ ಗಡ್ಡದಲ್ಲಿಯೇ ಉಳಿದು, ಹೋದಬಂದವರೆದುರು ಒಂದು ಕೆನ್ನೆಗೆ ಟವೆಲ್ಲು ಹಿಡಿದುಕೊಂಡು ಕುಳಿತಿರುತ್ತಾನೆ. ನಮ್ಮೂರಿನ ಬಸ್ಸು ಬಹಳ ವರ್ಷದಿಂದ ಇದೇ ದಾರಿಯಲ್ಲಿ ಓಡಿ ಓಡಿ ನಮ್ಮದೇ ಆಗಿಬಿಟ್ಟಿರುವುದರಿಂದ, ಮಧ್ಯಾಹ್ನದ ಸರದಿಯಲ್ಲಿ ಡ್ರೈವರ್ ಅದನ್ನು ಹಳ್ಳದ ಆಚೆಯೇ ನಿಲ್ಲಿಸುತ್ತಾನೆ. ಈಚೆ ತಂದರೆ ಅದೂ ಮಲಗುತ್ತದೆ.

ಹೊರಗಿನಿಂದ ಬಂದ ಕಬ್ಬಿಣಕ್ಕೆ ಈ ರೂಢಿ ಇರುವುದಿಲ್ಲ. ಅದಕ್ಕೆ ನಿದ್ದೆ ಕಲಿಸಬೇಕು. ಹೊಸ ಕುಡಗೋಲು ತಂದರೂ, ಹೊಸ ಕತ್ತರಿ ತಂದರೂ ಮೊದಲ ಕೆಲವು ಮಧ್ಯಾಹ್ನ ಕಂಬಳಿಯ ತುದಿ ಹೊದಿಸಿ, ಮನೆಯಲ್ಲಿ ಯಾರಾದರೂ ಪಕ್ಕದಲ್ಲಿ ಕೈಯಿಟ್ಟುಕೊಂಡು ಕೂಡುತ್ತಾರೆ. ಕ್ರಮೇಣ ಅದೂ ಊರಿನದಾಗುತ್ತದೆ.

ಇನ್ನೊಂದು ಮಾತು. ಮಲಗಿದ್ದನ್ನು ಎಬ್ಬಿಸಬಾರದು. ಎಬ್ಬಿಸಲಿಕ್ಕೆ ಬರುವುದಿಲ್ಲವೆಂದಲ್ಲ. ಉಪ್ಪುನೀರು ಚಿಮುಕಿಸಿ ಗುಂಡುಕಲ್ಲಿನಿಂದ ಬಡಿದರೆ ಎಂಥ ಕಬ್ಬಿಣವಾದರೂ ಏಳುತ್ತದೆ. ಆದರೆ ಹಾಗೆ ಎದ್ದದ್ದು ಮತ್ತೆಂದೂ ಮಲಗುವುದಿಲ್ಲ. ನಾನು ಲಂಗ ಉಟ್ಟುಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಕೆಳಗಿನ ಓಣಿಯ ದ್ಯಾವಪ್ಪನೆಂಬವನು, ಮನೆಗೆ ಬೀಗರು ಬಂದರೆಂದು ಕಟ್ಟಿಗೆ ಸೀಳಲು ತನ್ನ ಕೊಡಲಿಯನ್ನು ಎಬ್ಬಿಸಿದ. ಅಂದಿನಿಂದ ಅದು ಮಧ್ಯಾಹ್ನವೆಲ್ಲ ಮೂಲೆಯಲ್ಲಿ ನಿಂತು ಸಣ್ಣಗೆ ಗುಂಯ್‌ಗುಡುತ್ತಿತ್ತು. ಅಕ್ಕಪಕ್ಕದ ಮನೆಗಳ ಕಬ್ಬಿಣಕ್ಕೂ ನಿದ್ದೆ ಕೆಟ್ಟಿತು. ಸೂಜಿಗಳು ಮುರಿದವು, ಈಳಿಗೆಗಳು ತಮ್ಮ ಮನೆಯವರ ಕೈಯನ್ನೇ ಕೊಯ್ದವು. ಕೊನೆಗೆ ದ್ಯಾವಪ್ಪ ಕೊಡಲಿಯನ್ನು ಧೋತರದಲ್ಲಿ ಸುತ್ತಿ, ಹಳ್ಳ ದಾಟಿ ದೂರ ಒಯ್ದು ಬಿಟ್ಟುಬಂದ. ಅವನು ಅಳುತ್ತ ಬಂದದ್ದನ್ನು ನಾನೇ ನೋಡಿದ್ದೇನೆ.

ಇಷ್ಟು ತಿಳಿದಿದ್ದರೆ ಸಂಕವ್ವನ ಕಥೆ ಹೇಳಬಹುದು.

ಸಂಕವ್ವ ನನಗಿಂತ ಸ್ವಲ್ಪ ದೊಡ್ಡವಳು. ಕಮ್ಮಾರರ ಮನೆಯ ಸೊಸೆ. ಗಂಡ ತೀರಿಕೊಂಡ ಮೇಲೆ ಕುಲುಮೆ ಆರಿಹೋಗಬೇಕಿತ್ತು. ಇವಳು ಸೆರಗು ಬಿಗಿದು ತಾನೇ ಸುತ್ತಿಗೆ ಹಿಡಿದಳು. ಈಳಿಗೆ ಮಾಡುತ್ತಿದ್ದಳು. ತರಕಾರಿ ಹೆಚ್ಚುವ ಈಳಿಗೆ, ಮುಂದಿನ ತುದಿಯಲ್ಲಿ ತೆಂಗಿನಕಾಯಿ ತುರಿಯುವ ಹಲ್ಲು ಇರುತ್ತದಲ್ಲ, ಅದು. ಅವಳ ಈಳಿಗೆಗೆ ಸುತ್ತಲಿನ ಸಂತೆಗಳಲ್ಲಿ ಹೆಸರಿತ್ತು. ಕೆಲಸ ಹೆಚ್ಚಿದಂತೆ ನಾವು ಐದಾರು ಹೆಂಗಸರು ಅವಳ ಜೊತೆ ಸೇರಿಕೊಂಡೆವು. ಒಬ್ಬಳು ತಗಡು ಕತ್ತರಿಸುವವಳು, ಒಬ್ಬಳು ಸಾಣೆ ಹಿಡಿಯುವವಳು. ನನ್ನದು ಮಣೆಯ ಕೆಲಸ, ಹಲಗೆ ಕೆತ್ತಿ ಅದರಲ್ಲಿ ಅಲಗು ಕೂಡಿಸುವುದು. ಬಡಿಯುವ ಕೆಲಸ ಮಾತ್ರ ಸಂಕವ್ವನದೇ. ಅಲಗಿನ ಡೊಂಕು ಅವಳ ಕೈಯಿಂದಲೇ ಬರಬೇಕು.

ಹಾಗೆ ವರ್ಷಗಟ್ಟಲೆ ಬಡಿದು ಬಡಿದು ಅವಳ ಬಲಗಡೆಯ ಭುಜ ಸತ್ತುಹೋಯಿತು. ಸುತ್ತಿಗೆಯನ್ನು ಹೇಗೋ ಎತ್ತುತ್ತಿದ್ದಳು, ಆದರೆ ಬೆಳಿಗ್ಗೆ ತಲೆ ಬಾಚಿಕೊಳ್ಳಲು ಕೈ ಮೇಲೇಳುತ್ತಿರಲಿಲ್ಲ. ದಿನಾ ನಾನೇ ಹೋಗಿ ಬಾಚಿ ತುರುಬು ಕಟ್ಟುತ್ತಿದ್ದೆ. ನೋವು ಅನ್ನುತ್ತಿರಲಿಲ್ಲ. ಬಾಚಣಿಗೆ ಸಿಕ್ಕಿನಲ್ಲಿ ಹಿಡಿದು ಎಳೆದಾಗ ಮಾತ್ರ, "ತಂಗೆವ್ವಾ, ಕೂದ್ಲ ನಂದು, ಹುಲ್ಲಲ್ಲ" ಎನ್ನುತ್ತಿದ್ದಳು.

ಅಂಥ ದಿನಗಳಲ್ಲಿ ಜಿನದತ್ತ ಬಂದ. ಸಣ್ಣ ಕೈಗಾರಿಕೆ ಇಲಾಖೆಯವನು, ತೆಳ್ಳಗಿನ ಹುಡುಗ, ತೋಳಿಗೊಂದು ಚೀಲ. ಊರೂರು ತಿರುಗಿ, ಇಂಥಿಂಥ ಕಸುಬಿನವರಿಗೆ ಸರ್ಕಾರ ಇಂಥಿಂಥ ಸಹಾಯ ಕೊಡುತ್ತದೆ ಎಂದು ತಿಳಿಸಿ ಹೇಳುವುದು ಅವನ ನೌಕರಿ. ಮೊದಲ ಸಲ ಯಾರೂ ಅವನ ಮಾತು ನಂಬಲಿಲ್ಲ. ಸಾಣೆಯ ಗೌರವ್ವ, "ಸರಕಾರ ನಮಗ ಕೊಡತೈತಿ ಅಂದ್ರ ಏನೋ ಒಯ್ಯಾಕ ಬಂದೈತಿ" ಎಂದು ಅವನೆದುರೇ ಅಂದುಬಿಟ್ಟಳು. ಅವನು ಸಿಟ್ಟಾಗಲಿಲ್ಲ. ಮತ್ತೆ ಬಂದ, ಮತ್ತೆ ಬಂದ. ಬಂದಾಗಲೆಲ್ಲ ಮಧ್ಯಾಹ್ನ ನಮ್ಮ ಜೊತೆಯೇ ರೊಟ್ಟಿ ತಿಂದು ಕುಲುಮೆಯ ಶೆಡ್ಡಿನ ಗೋಡೆಗೆ ಒರಗುತ್ತಿದ್ದ. ಒಂದು ದಿನ ಅವನ ಕೈಗಡಿಯಾರವೂ ಮಧ್ಯಾಹ್ನಕ್ಕೆ ನಿಂತುಬಿಟ್ಟಿತು. ಅವನು ಗಾಬರಿಯಾಗಿ ಕಿವಿಗೆ ಹಿಡಿದು ಅಲುಗಾಡಿಸುತ್ತಿದ್ದರೆ ನಾವೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಆಮೇಲೆ ಗೌರವ್ವನೂ ಅವನಿಗೆ ತುಪ್ಪ ಬಡಿಸತೊಡಗಿದಳು.

ಅವನು ಹೇಳಿದ್ದು ಇಷ್ಟು. ಈಳಿಗೆಯ ಅಲಗನ್ನು ಒಂದೇ ಏಟಿಗೆ ಕತ್ತರಿಸಿ ಡೊಂಕು ಕೊಡುವ ಪ್ರೆಸ್ಸು ಎಂಬ ಯಂತ್ರವಿದೆ. ಅದರ ಬೆಲೆಯಲ್ಲಿ ಅರ್ಧ ಸರ್ಕಾರ ಕೊಡುತ್ತದೆ, ಉಳಿದರ್ಧವನ್ನು ಸಂಕವ್ವ ನಿಧಾನಕ್ಕೆ ಕಟ್ಟಿಕೊಳ್ಳಬಹುದು. ಯಂತ್ರ ಮೊದಲೇ ಬರುತ್ತದೆ. ಬಂದ ಮೇಲೆ ಇಲಾಖೆಯ ದೊಡ್ಡ ಸಾಹೇಬರು ಒಂದು ಸಲ ಬಂದು, ಯಂತ್ರ ಓಡುವುದನ್ನು ಕಣ್ಣಾರೆ ಕಂಡು ಸಹಿ ಹಾಕಬೇಕು. ಅವರು ನೋಡದೆ ಹೋದರೆ ಸರ್ಕಾರದ ಅರ್ಧ ಬರುವುದಿಲ್ಲ, ಯಂತ್ರ ಮಾರಿದವರು ಲಾರಿ ತಂದು ಅದನ್ನು ಎತ್ತಿಕೊಂಡು ಹೋಗುತ್ತಾರೆ.

ಸಂಕವ್ವ ಎಡಗೈಯಿಂದ ಬಲಭುಜ ನೀವಿಕೊಂಡು, "ತರಸ್ರಿ" ಎಂದಳು.

ಪ್ರೆಸ್ಸು ಚಳಿಗಾಲ ಮುಗಿಯುವ ಹೊತ್ತಿಗೆ ಬಂತು. ಹಸಿರು ಬಣ್ಣ, ಎಮ್ಮೆಯಷ್ಟು ಗಾತ್ರ, ಪಕ್ಕದಲ್ಲೊಂದು ದೊಡ್ಡ ಗಾಲಿ. ತಗಡು ಒಳಗೆ ತಳ್ಳಿ ಕಾಲಿನಿಂದ ಒತ್ತಿದರೆ ಧಡ್ ಎಂದು ಒಂದು ಏಟು, ಅಲಗು ಕೆಳಗೆ. ಸಂಕವ್ವ ಮೊದಲ ಅಲಗನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದಳು. ಹೊರಳಿಸಿ ನೋಡಿದಳು. ಚೆನ್ನಾಗಿದೆ ಅನ್ನಲಿಲ್ಲ, ಕೆಟ್ಟದ್ದೆಂದೂ ಅನ್ನಲಿಲ್ಲ, ಇನ್ನೊಂದು ತಗಡು ತಳ್ಳಿದಳು. ಆ ವಾರ ಅವಳು ಸುತ್ತಿಗೆ ಮುಟ್ಟಲಿಲ್ಲ. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ತಾನೇ ತಲೆ ಬಾಚಿಕೊಂಡು ಕುಳಿತಿದ್ದಳು. ಬೈತಲೆ ಸೊಟ್ಟಗಾಗಿತ್ತು. ನಾನು ಅದನ್ನು ಹೇಳಲಿಲ್ಲ.

ಜಿನದತ್ತ ಒಂದು ಮಾತು ಕಿವಿಗೆ ಹಾಕಿದ್ದ. ಸಾಹೇಬರು ಬರುವವರೆಗೆ ಪ್ರೆಸ್ಸಿಗೆ ನಿದ್ದೆ ಕಲಿಸಬೇಡಿ, ಅವರು ಯಾವ ಹೊತ್ತಿಗೆ ಬರುತ್ತಾರೋ ಹೇಳಲಾಗದು ಎಂದು. ನಮಗೂ ಅದು ಸರಿಯೆನಿಸಿತು. ಯಾರೂ ಕಂಬಳಿ ಹೊದಿಸಲಿಲ್ಲ. ಮಧ್ಯಾಹ್ನ ಊರಿನ ಕಬ್ಬಿಣವೆಲ್ಲ ಮಲಗಿದಾಗ ನಮ್ಮ ಪ್ರೆಸ್ಸೊಂದೇ ಧಡ್ ಧಡ್ ಎನ್ನುತ್ತಿತ್ತು.

ಅಂಥ ಸದ್ದು ಆ ಹೊತ್ತಿನಲ್ಲಿ ಊರು ಕೇಳಿರಲಿಲ್ಲ. ಓಣಿಯ ಚಿಲಕಗಳು ನಿದ್ದೆಯಲ್ಲಿಯೇ ಕಟಕಟ ಎನ್ನತೊಡಗಿದವು. ದರ್ಜಿಯ ಕತ್ತರಿ ಪೆಟ್ಟಿಗೆಯೊಳಗೆ ಬಾಯಿ ತೆರೆದುಕೊಂಡಿತ್ತಂತೆ. ಜನ ಸಂಕವ್ವನಿಗೆ ಏನೂ ಅನ್ನಲಿಲ್ಲ. ಅವಳ ಭುಜದ ಸಂಗತಿ ಎಲ್ಲರಿಗೂ ಗೊತ್ತಿತ್ತು. ಆದರೆ ಮಧ್ಯಾಹ್ನವಾದರೆ ಒಬ್ಬಿಬ್ಬರು ಬಂದು ಶೆಡ್ಡಿನ ಕಟ್ಟೆಯ ಮೇಲೆ ಕುಳಿತು, ನೆಲ ನೋಡುತ್ತಿದ್ದು ಎದ್ದುಹೋಗುತ್ತಿದ್ದರು. ಬೈದಿದ್ದರೇ ವಾಸಿಯಿತ್ತು. ಸಾಹೇಬರು ಬಂದುಹೋಗಲಿ, ಮರುದಿನವೇ ಕಂಬಳಿ ಹೊದಿಸುತ್ತೇನೆ ಎಂದು ಸಂಕವ್ವ, ಯಾರೂ ಕೇಳದಿದ್ದರೂ, ಎಲ್ಲರಿಗೂ ಹೇಳಿದಳು.

ಸಾಹೇಬರು ಮಾತ್ರ ಇವತ್ತು ಬಂದಾರು, ನಾಳೆ ಬಂದಾರು ಎಂದು ಮುಂದಕ್ಕೆ ಹೋಗುತ್ತಲೇ ಇದ್ದರು. ಮಾರ್ಚ್ ತಿಂಗಳ ಕೊನೆ ಹತ್ತಿರ ಬಂತು. ಅದು ದಾಟಿದರೆ ಆ ವರ್ಷದ ಹಣ ಸರ್ಕಾರಕ್ಕೆ ತಿರುಗಿ ಹೋಗುತ್ತದೆ ಎಂದು ಜಿನದತ್ತ ಹೇಳಿದ್ದ.

ಆ ದಿನಗಳಲ್ಲಿ ಮಧ್ಯಾಹ್ನ ಕರೆಂಟು ತೆಗೆಯತೊಡಗಿದರು. ಎಲ್ಲಿಯೋ ತಂತಿ ಬದಲಿಸುತ್ತಿದ್ದರಂತೆ. ಪ್ರೆಸ್ಸು ಸುಮ್ಮನೆ ನಿಲ್ಲುತ್ತಿತ್ತು, ನಾವು ಮನೆಗೆ ಹೋಗಿ ಉಂಡು ಕಾಲು ಚಾಚುತ್ತಿದ್ದೆವು. ಶೆಡ್ಡಿನಲ್ಲಿ ಉಳಿಯುತ್ತಿದ್ದವಳು ಸಂಕವ್ವನ ಅತ್ತೆ ಬಾಳವ್ವ ಒಬ್ಬಳೇ. ಬಹಳ ವಯಸ್ಸಾದ ಮುದುಕಿ, ಕಣ್ಣು ಮಂಜು. ಸರ್ಕಾರ, ಸಹಿ, ಸಾಹೇಬರು ಎಂದು ಅವಳಿಗೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗಿರಲಿಲ್ಲ. ಅವಳ ತಲೆಗೆ ಹೋಗಿದ್ದು ಒಂದೇ. ಊರಿಗೆ ಹೊಸ ಕಬ್ಬಿಣ ಬಂದಿದೆ, ಬಂದು ಇಷ್ಟು ದಿನವಾಯಿತು, ಯಾರೂ ಅದನ್ನು ಮಲಗಿಸಿಲ್ಲ. ಕರೆಂಟು ಹೋದ ಮೊದಲ ಮಧ್ಯಾಹ್ನವೇ ತನ್ನ ಕಂಬಳಿ ತಂದು ಪ್ರೆಸ್ಸಿನ ಮೇಲೆ ಹೊದಿಸಿ, ಗಾಲಿಯ ಮೇಲೆ ಕೈಯಿಟ್ಟುಕೊಂಡು ಕುಳಿತಳು. ಮರುದಿನವೂ ಕುಳಿತಳು. ನಾವು ತಿರುಗಿ ಬರುವ ಹೊತ್ತಿಗೆ ಕಂಬಳಿ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿರುತ್ತಿದ್ದಳಾದ್ದರಿಂದ ಯಾರಿಗೂ ತಿಳಿಯಲಿಲ್ಲ.

ವಾರ ಕಳೆದು ಕರೆಂಟು ಸರಿಯಾಯಿತು. ಅಂದು ಮಧ್ಯಾಹ್ನ ಸಂಕವ್ವ ಸ್ವಿಚ್ಚು ಒತ್ತಿದರೆ ಪ್ರೆಸ್ಸು ಮಿಸುಕಲಿಲ್ಲ. ಕೈಯಿಟ್ಟು ನೋಡಿದಳು. ಬೆಚ್ಚಗಿತ್ತು.

ಬಾಳವ್ವ ಮೂಲೆಯಿಂದಲೇ, "ಮೆಲ್ಲಕ ಮುಟ್ಟಬೇ, ಈಗ ಕಣ್ಣ ಹತ್ತ್ಯಾವು. ಪರದೇಶಿ ಕೂಸು, ಯಾರಿಗೂ ಕರಳ ಚುರ್ ಅನ್ನಲಿಲ್ಲಲ್ಲ" ಎಂದಳು.

ಸಂಕವ್ವ ಅತ್ತೆಯನ್ನು ನೋಡಿದಳು, ಅವಳ ತೊಡೆಯ ಮೇಲಿನ ಕಂಬಳಿಯನ್ನು ನೋಡಿದಳು. ಬೈಯುತ್ತಾಳೆಂದು ನಾವು ಕಾದೆವು. "ಎಷ್ಟ ದಿನಾ ಆತು ಅತ್ತಿ?" ಎಂದಷ್ಟೇ ಕೇಳಿ, ಕೆಳಗೆ ಕುಳಿತುಬಿಟ್ಟಳು. ಊರು ಅಂದು ಎಷ್ಟು ತಣ್ಣಗಿತ್ತೆಂದರೆ, ಎಲ್ಲಿಯೋ ಯಾರೋ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

ಬೆಳಿಗ್ಗೆ ಬಂದರೆ ಏನೂ ತೊಂದರೆಯಿಲ್ಲ, ಸಂಜೆ ಬಂದರೂ ತೊಂದರೆಯಿಲ್ಲ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಜಿನದತ್ತನೂ ಓಡಾಡಿ, ಬೆಳಿಗ್ಗೆ ಮೊದಲು ಇಲ್ಲಿಗೇ ಕರೆತರುತ್ತೇನೆ ಎಂದು ದಿನ ಗೊತ್ತುಮಾಡಿದ. ಆ ದಿನ ನಾವು ಶೆಡ್ಡು ಸಾರಿಸಿ, ತಗಡಿನ ರಾಶಿ ಒತ್ತಟ್ಟಿಗೆ ಇಟ್ಟು, ಮಿಂದು ಮಡಿಯುಟ್ಟು ಕಾದೆವು. ಪ್ರೆಸ್ಸು ಬೆಳಗಿನಿಂದ ಹೂವಿನ ಹಾಗೆ ಓಡುತ್ತಿತ್ತು. ಹೊತ್ತೇರಿತು. ದಾರಿಯಲ್ಲಿ ಜೀಪಿನ ಗಾಲಿ ಒಡೆದಿತ್ತಂತೆ. ಸೂರಿನ ನೆರಳು ಗೋಡೆಯ ಬುಡ ಮುಟ್ಟಿತು, ಪ್ರೆಸ್ಸಿನ ದೊಡ್ಡ ಗಾಲಿ ನಿಧಾನವಾಗಿ, ನಿಧಾನವಾಗಿ ನಿಂತಿತು. ಅದು ನಿಂತು ಎರಡು ಅಡಿಕೆ ಜಗಿಯುವಷ್ಟು ಹೊತ್ತಿಗೆ ಓಣಿಯ ತುದಿಯಲ್ಲಿ ಜೀಪು ಕಾಣಿಸಿತು.

ದೊಡ್ಡ ಸಾಹೇಬರು ಎಂದರೆ ನಾನು ಗಡುಸಾದ ಆಳನ್ನು ನೆನೆಸಿಕೊಂಡಿದ್ದೆ. ಇಳಿದದ್ದು ಮೈತುಂಬ ಧೂಳು, ಕಣ್ಣಿನ ಕೆಳಗೆ ಚೀಲ ಬಿದ್ದ, ನಿವೃತ್ತಿಯ ಹತ್ತಿರಕ್ಕೆ ಬಂದ ಮನುಷ್ಯ. ತಿಂಗಳ ಕೊನೆಯಾದ್ದರಿಂದ ಹಗಲೂ ರಾತ್ರಿ ತಿರುಗುತ್ತಿದ್ದಾರೆ, ಇವತ್ತೇ ಇನ್ನೂ ಬೇರೆ ಊರಿನ ಕಾರ್ಖಾನೆಗಳನ್ನು ನೋಡುವುದಿದೆ ಎಂದು ಜಿನದತ್ತ ಮೊದಲೇ ಹೇಳಿದ್ದ. ಅವರು ತಡ ಮಾಡದೆ ನೇರವಾಗಿ ಪ್ರೆಸ್ಸಿನ ಮುಂದೆ ನಿಂತು, ಓಡಿಸಿ ನೋಡೋಣ ಎಂದರು.

ಸಂಕವ್ವ, "ಮಲಗೈತ್ರಿ" ಎಂದಳು.

ಅವರಿಗೆ ಅರ್ಥವಾಗಲಿಲ್ಲ. ಜಿನದತ್ತ ನಮ್ಮೂರಿನ ರೀತಿಯನ್ನು ತಡವರಿಸುತ್ತ ಹೇಳಿದ. ಸಾಹೇಬರು ಕರೆಂಟು ನೋಡಿದರು, ಮೋಟಾರು ನೋಡಿದರು, ತಾವೇ ಸ್ವಿಚ್ಚು ಒತ್ತಿದರು. ಗಾಲಿಯನ್ನು ಕೈಯಿಂದ ನೂಕಿದರು. ಡ್ರೈವರನನ್ನೂ ಕರೆದು ನೂಕಿಸಿದರು. ಆಮೇಲೆ ಅಂಗೈಯನ್ನು ಅದರ ಮೇಲೆಯೇ ಸ್ವಲ್ಪ ಹೊತ್ತು ಇಟ್ಟುಕೊಂಡು ನಿಂತರು.

"ಇಷ್ಟು ವರ್ಷದಲ್ಲಿ ಎಷ್ಟೋ ನೆಪ ಕೇಳಿದ್ದೀನಮ್ಮ" ಎಂದರು. "ಪಕ್ಕದೂರಿಂದ ಯಂತ್ರ ಎರವಲು ತಂದು ನಿಲ್ಲಿಸಿದೋರನ್ನ ನೋಡಿದ್ದೀನಿ. ಬರೀ ಡಬ್ಬಕ್ಕೆ ಬಣ್ಣ ಬಳಿದು ತೋರಿಸಿದೋರನ್ನೂ ನೋಡಿದ್ದೀನಿ. ಮಲಗಿದೆ ಅಂದೋಳು ಮಾತ್ರ ನೀನೇ ಮೊದಲು."

ಗದರಿಸುವ ಧ್ವನಿಯಲ್ಲ ಅದು, ದಣಿದ ಧ್ವನಿ. ಎಷ್ಟು ಹೊತ್ತಿಗೆ ಏಳುತ್ತದೆ ಎಂದು ಕೇಳಿದರು. ನೆರಳು ಅಂಗಳದ ಅರ್ಧಕ್ಕೆ ಬಂದಾಗ ಎಂದಳು ಸಂಕವ್ವ. ಅವರು ಹೊರಗೆ ಇಣುಕಿ ನೆರಳು ನೋಡಿ, ತಮ್ಮ ಕೈಗಡಿಯಾರ ನೋಡಿ, ಅಷ್ಟು ಹೊತ್ತು ನಿಲ್ಲಲಾಗದೆಂದರು. ಯಂತ್ರ ಓಡದಿದ್ದರೆ ಓಡಲಿಲ್ಲ ಎಂದೇ ತಾವು ಬರೆಯಬೇಕಾಗುತ್ತದೆ, ಬೇರೆ ದಾರಿಯಿಲ್ಲ ಎಂದರು. ಕೈಕಾಲು ತೊಳೆಯಲು ಡ್ರೈವರನ ಜೊತೆ ಹಿತ್ತಲಿಗೆ ಹೋದರು.

ಅವರು ಅತ್ತ ಹೋದದ್ದೇ ಜಿನದತ್ತ ಸಂಕವ್ವನ ಹತ್ತಿರ ಬಂದ. "ಅವ್ವಾ, ಎಬ್ಬಿಸ್ರಿ. ಒಂದ ಏಟ ಓಡಿದ್ರ ಸಾಕು, ನಿಮ್ಮ ಕೆಲಸ ಆಗತೈತಿ. ನಾಳೆ ಲಾರಿ ಬಂದ್ರ ನಾ ಏನೂ ಮಾಡಾಕ ಬರೂದಿಲ್ಲ."

ಸಂಕವ್ವ ನಮ್ಮೆಲ್ಲರ ಮುಖ ನೋಡಿದಳು. ನಾವು ಯಾರೂ ಬೇಡ ಅನ್ನಲಿಲ್ಲ. ನಿಜ ಹೇಳಬೇಕೆಂದರೆ ಎಬ್ಬಿಸಲಿ ಎಂದೇ ನನಗಿತ್ತು. ಸೊಟ್ಟ ಬೈತಲೆ ತೆಗೆದುಕೊಂಡು ಕುಳಿತ ಅವಳನ್ನು ನಾನು ನೋಡಿದ್ದೆ. ಗೌರವ್ವ ಒಳಗೆ ಹೋಗಿ ಬಟ್ಟಲಲ್ಲಿ ಉಪ್ಪು ಕದಡಿಕೊಂಡು ಬಂದಳು, ಇನ್ನೊಂದು ಕೈಯಲ್ಲಿ ಖಾರ ಅರೆಯುವ ಗುಂಡುಕಲ್ಲು. ಎರಡನ್ನೂ ಪ್ರೆಸ್ಸಿನ ಕಾಲಬುಡದಲ್ಲಿಟ್ಟು ಹಿಂದೆ ಸರಿದಳು. ಕಟ್ಟೆಯ ಮೇಲೆ ಕುಳಿತಿದ್ದ ಓಣಿಯ ಜನ ಅದನ್ನು ನೋಡಿದರು. ಒಬ್ಬನು ಎದ್ದು ಮುಖ ಆಚೆ ತಿರುಗಿಸಿ ನಿಂತ.

ಸಾಹೇಬರು ಅತ್ತ ಹೋದದ್ದೇ ಪ್ರೆಸ್ಸಿಗೆ ಕಂಬಳಿ ಹೊದಿಸಿ ಗಾಲಿಯ ಮೇಲೆ ಕೈಯಿಟ್ಟು ಕುಳಿತಿದ್ದ ಬಾಳವ್ವ ಕೈ ತೆಗೆಯಲಿಲ್ಲ. ಅವಳಿಗೆ ಕಾಣುತ್ತಿರಲಿಲ್ಲ, ಆದರೆ ಉಪ್ಪು ಕದಡುವ ಸದ್ದು ಯಾರಿಗೆ ತಿಳಿಯುವುದಿಲ್ಲ?

ಸಂಕವ್ವ ಎಡಗೈಯಿಂದ ಕಲ್ಲನ್ನು ಎತ್ತಿಕೊಂಡಳು. ಬಲಗೈ ಅಷ್ಟು ಮೇಲೇಳುತ್ತಿರಲಿಲ್ಲ. ಪ್ರೆಸ್ಸಿನ ಎದುರು ನಿಂತಳು. ನಿಂತೇ ಇದ್ದಳು. ಆಮೇಲೆ ಬಗ್ಗಿ ಕಲ್ಲನ್ನು ಸದ್ದಾಗದಂತೆ ನೆಲಕ್ಕಿಟ್ಟು, ಬಟ್ಟಲಿನ ನೀರನ್ನು ಹೊರಗೆ ಬೇಲಿಯ ಬುಡಕ್ಕೆ ಚೆಲ್ಲಿ ಬಂದಳು.

"ಕೈ ಬರವಲ್ದು" ಎಂದಳು. ಭುಜದ ಮಾತಲ್ಲವೆಂದು ಎಲ್ಲರಿಗೂ ತಿಳಿಯಿತು. ಜಿನದತ್ತ ಅಲ್ಲಿಯೇ ಕುಕ್ಕರುಗಾಲಿನಲ್ಲಿ ಕುಳಿತು ತಲೆ ಹಿಡಿದುಕೊಂಡ.

ಸಾಹೇಬರು ಮುಖ ಒರೆಸಿಕೊಳ್ಳುತ್ತ ಬಂದಾಗ ಸಂಕವ್ವ ಊಟಕ್ಕೆ ಏಳಬೇಕೆಂದು ಕೇಳಿಕೊಂಡಳು. ಬೇಡವೆಂದರು. ಬೆಳಿಗ್ಗೆಯಿಂದ ಚಹಾ ಬಿಟ್ಟರೆ ಏನೂ ಹೊಟ್ಟೆಗೆ ಹೋಗಿಲ್ಲವೆಂದು ಡ್ರೈವರ್ ಹಿಂದಿನಿಂದ ಗೊಣಗಿದ. ಕೊನೆಗೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಜ್ಜಿಗೆ. ಎರಡನೆಯ ರೊಟ್ಟಿಗೆ ಅವರ ಹೆಗಲು ಇಳಿಯಿತು. ಮೂರನೆಯದಕ್ಕೆ ಕಣ್ಣು ಜಗ್ಗಿದವು. ನಮ್ಮೂರಿನ ಮಧ್ಯಾಹ್ನವೇ ಹಾಗೆ. ಗಾಲಿ ಉರುಳುವುದಿಲ್ಲ, ಸರಪಳಿ ಎಳೆಯುವುದಿಲ್ಲ, ಬಾಗಿಲು ಕಿರುಗುಟ್ಟುವುದಿಲ್ಲ. ಹೊರಗಿನಿಂದ ಬಂದವರಿಗೆ ಆ ನಿಶ್ಶಬ್ದ ತಲೆಗೆ ಎಣ್ಣೆ ತಟ್ಟಿದ ಹಾಗೆ ಆಗುತ್ತದೆ.

ಕೈ ತೊಳೆದು ಅವರು ಬಾಗಿಲ ಹತ್ತಿರದ ಚಾಪೆಯ ಮೇಲೆ ಗೋಡೆಗೆ ಒರಗಿದರು. ಕೈಗಡಿಯಾರ ಬಿಚ್ಚಿ ಸಂಕವ್ವನ ಕೈಗೆ ಕೊಟ್ಟರು.

"ಅರ್ಧ ಗಂಟೆ ಕೊಡ್ತೀನಮ್ಮ. ಅಷ್ಟರಲ್ಲಿ ಓಡಿದ್ರೆ ನೋಡ್ತೀನಿ, ಇಲ್ಲಾಂದ್ರೆ ಹೊರಡ್ತೀನಿ. ಮುಳ್ಳು ಇಲ್ಲಿಗೆ ಬಂದ ತಕ್ಷಣ ನನ್ನ ಎಬ್ಬಿಸು. ಎಬ್ಬಿಸ್ತೀ ತಾನೆ?"

"ಎಬ್ಬಿಸ್ತೀನ್ರಿ" ಎಂದಳು ಸಂಕವ್ವ.

ಅವರು ಕಾಲು ಚಾಚಿದ್ದೇ ತಡ, ಗೊರಕೆ ಹೊಡೆಯತೊಡಗಿದರು. ಡ್ರೈವರ್ ಜೀಪಿನ ನೆರಳಿನಲ್ಲಿ ಟವೆಲ್ಲು ಹಾಸಿಕೊಂಡು ಉರುಳಿದ.

ಸಂಕವ್ವ ಆ ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ಪ್ರೆಸ್ಸಿನ ಪಕ್ಕದಲ್ಲಿ ಕುಳಿತಳು. ಆ ಹೊತ್ತಿನಲ್ಲಿ ಟಿಕ್ ಟಿಕ್ ಎನ್ನುವ ಕಬ್ಬಿಣವನ್ನು ನಾವು ಹತ್ತಿರದಿಂದ ಕಂಡಿರಲಿಲ್ಲ. ಒಬ್ಬೊಬ್ಬರಾಗಿ ಬಗ್ಗಿ ನೋಡಿದೆವು. "ಪಾಪ, ಇದಕ್ಕೂ ಯಾರೂ ಇಲ್ಲೇನೋ" ಎಂದಳು ಬಾಳವ್ವ. ಪ್ರೆಸ್ಸು ಕಂಬಳಿಯ ಒಳಗೆ ತನ್ನ ಪಾಡಿಗೆ ಮಲಗಿತ್ತು. ನೆರಳು ಅಂಗಳದ ಕಾಲುಭಾಗಕ್ಕೂ ಬಂದಿರಲಿಲ್ಲ.

ಮುಳ್ಳು ಗುರುತಿನ ಹತ್ತಿರ ಬಂದಾಗ ಜಿನದತ್ತ ತೆವಳುತ್ತ ಸಂಕವ್ವನ ಪಕ್ಕಕ್ಕೆ ಬಂದ. ಪಿಸುಮಾತಿನಲ್ಲಿ, ಸಾಹೇಬರನ್ನು ಎಬ್ಬಿಸಬೇಡಿ ಎಂದ. ಅವರು ಬಹಳ ದಿನದಿಂದ ಸರಿಯಾಗಿ ಮಲಗಿಲ್ಲ, ಬಿಟ್ಟರೆ ಸಂಜೆಯವರೆಗೂ ಏಳುವುದಿಲ್ಲ. ಅವರು ಕಣ್ಣು ತೆರೆಯುವಷ್ಟರಲ್ಲಿ ಯಂತ್ರ ಓಡುತ್ತಿರುತ್ತದೆ, ನೋಡಿ ಸಹಿ ಹಾಕುತ್ತಾರೆ, ಬೈದರೆ ನಾನು ಬೈಸಿಕೊಳ್ಳುತ್ತೇನೆ ಎಂದ.

ಅದು ಎಷ್ಟು ಸುಲಭದ ಮಾತು. ಕಲ್ಲಿಲ್ಲ, ಉಪ್ಪಿಲ್ಲ, ಸುಮ್ಮನೆ ಕುಳಿತಿದ್ದರೆ ಸಾಕು. ನಮ್ಮೂರಿನಲ್ಲಿ ಆ ಹೊತ್ತಿಗೆ ಮಲಗಿದವರನ್ನು ಎಬ್ಬಿಸುವ ರೂಢಿಯೂ ಇಲ್ಲ. ನಾನು ಸಂಕವ್ವನ ಮೊಣಕೈ ಹಿಡಿದು, "ಅಕ್ಕಾ, ಸುಮ್ಮನಿರಬೇ. ಮಲಗಿದವರ್ನ ಮಲಗಾಕ ಬಿಡೂದು ಏನ್ ತಪ್ಪು?" ಎಂದೆ. ಗೌರವ್ವನೂ ಹೂಂ ಎಂದಳು. ಕಟ್ಟೆಯ ಮೇಲಿನವರೂ ತಲೆಯಾಡಿಸಿದರು.

"ಎಬ್ಬಿಸ್ತೀನಿ ಅಂದೀನಿ" ಎಂದಳು ಸಂಕವ್ವ.

"ಅಂದ್ರ ಏನಾತು? ಮರ್ತೆ ಅನ್ನು."

ಮುಳ್ಳು ಗುರುತಿಗೆ ಬಂದು ನಿಂತಿತು. ಸಂಕವ್ವ ಪ್ರೆಸ್ಸಿನ ಮೇಲೆ ಒಂದು ಸಲ ಕೈಯಾಡಿಸಿ, ಅದು ಇನ್ನೂ ಬೆಚ್ಚಗಿರುವುದನ್ನು ನೋಡಿಕೊಂಡಳು. ಎದ್ದು ಹೋದಳು. ಚಾಪೆಯ ಹತ್ತಿರ ಕುಳಿತು ಸಾಹೇಬರ ಪಾದವನ್ನು ಎರಡು ಬೆರಳಿನಿಂದ ಮುಟ್ಟಿದಳು.

"ಸಾಹೇಬ್ರ, ಏಳ್ರಿ. ಹೊತ್ತಾತು."

ಅವರಿಗೆ ತಕ್ಷಣ ಎಚ್ಚರವಾಗಲಿಲ್ಲ. ಇನ್ನೊಮ್ಮೆ ಮುಟ್ಟಿದಳು. ಕಣ್ಣು ತೆರೆದು, ತಾನೆಲ್ಲಿದ್ದೇನೆ ಎಂದು ಹುಡುಕುವವರ ಹಾಗೆ ಮೇಲಿನ ಹಂಚು ನೋಡಿದರು. ಆಮೇಲೆ ಅವಳನ್ನು, ಅವಳ ಅಂಗೈಯಲ್ಲಿದ್ದ ಗಡಿಯಾರವನ್ನು.

"ಓಡ್ತಾ ಇದೆಯಾ?"

"ಇಲ್ರಿ."

ಅವರು ಎದ್ದು ಕುಳಿತರು. ಶೆಡ್ಡಿನೊಳಗೆ ಕಣ್ಣಾಡಿಸಿದರು. ತಲೆ ಬಗ್ಗಿಸಿ ಕುಳಿತ ಜಿನದತ್ತ, ಗೋಡೆಗೆ ಅಂಟಿ ನಿಂತ ನಾವು, ಕಂಬಳಿ ಹೊದ್ದ ಪ್ರೆಸ್ಸು, ಅದರ ಮೇಲೊಂದು ಮುದುಕಿಯ ಕೈ. ಅನುಭವದ ಮನುಷ್ಯ, ನಾವು ಏನು ಮಾತಾಡಿಕೊಂಡೆವೆಂಬುದು ಅವರಿಗೆ ನಮ್ಮ ಮುಖಗಳಲ್ಲಿಯೇ ಕಂಡಿರಬೇಕು.

"ಅಲ್ಲಮ್ಮ, ನೀನು ಸುಮ್ಮನಿದ್ದಿದ್ರೆ ನಾನು ಸಂಜೇತನಕ ಮಲಗಿರ್ತಿದ್ದೆ."

"ಗೊತ್ತೈತ್ರಿ."

"ಅಷ್ಟರಲ್ಲಿ ಅದೂ ಎದ್ದಿರ್ತಿತ್ತು."

"ಅದೂ ಗೊತ್ತೈತ್ರಿ."

"ಮತ್ತೆ ನನ್ನ ಯಾಕೆ ಎಬ್ಬಿಸಿದೆ? ಅದನ್ನ ಎಬ್ಬಿಸು ಅಂದ್ರೆ ಒಲ್ಲೆ ಅಂದ್ಯಲ್ಲ. ಹಿತ್ತಲಲ್ಲಿ ಕೇಳಿಸ್ತು ನನಗೆ."

ಸಂಕವ್ವ ಗಡಿಯಾರವನ್ನು ಅವರ ಕೈಗೆ ಕೊಟ್ಟಳು. "ನೀವು ಎಬ್ಬಿಸಂತ ಹೇಳಿದ್ರಿ" ಎಂದಳು. "ಅದು ಹೇಳಿರಲಿಲ್ಲ."

ಅವರು ಗಡಿಯಾರ ಕಟ್ಟಿಕೊಂಡರು. ಒಂದು ಚಪ್ಪಲಿ ಮೆಟ್ಟಿದರು. ಇನ್ನೊಂದು ಚಾಪೆಯ ಆಚೆ ಉರುಳಿತ್ತು, ಗೌರವ್ವ ಕಾಲಿನಿಂದ ಮೆಲ್ಲಗೆ ಇತ್ತ ತಳ್ಳಿದಳು. ಅವರು ಅದನ್ನು ಮೆಟ್ಟಲಿಲ್ಲ. ಅದನ್ನೇ ನೋಡುತ್ತ ಕುಳಿತಿದ್ದರು. ಹೊರಗೆ ಡ್ರೈವರ್ ಮಗ್ಗುಲು ಬದಲಿಸಿದ. ಲಾರಿ ಬರುವುದು, ನಾಲ್ಕು ಜನ ಪ್ರೆಸ್ಸಿಗೆ ಹಗ್ಗ ಬಿಗಿಯುವುದು, ಸಂಕವ್ವ ಮತ್ತೆ ಸುತ್ತಿಗೆಯ ಹಿಡಿಕೆಗೆ ಬಟ್ಟೆ ಸುತ್ತುವುದು, ಎಲ್ಲ ನನ್ನ ಕಣ್ಣೆದುರು ಬಂದುಹೋಯಿತು.

ಸಾಹೇಬರು ಮೆಟ್ಟಿದ್ದ ಚಪ್ಪಲಿಯನ್ನೂ ಕಳಚಿದರು. ಚಾಪೆಯ ಮೇಲೆ ಗೋಡೆಯ ಕಡೆಗೆ ಹೊರಳಿ, ಮೊಣಕೈ ತಲೆಯ ಕೆಳಗಿಟ್ಟುಕೊಂಡರು.

"ಈ ಸಲ ಎಬ್ಬಿಸಬೇಡ" ಎಂದರು.

ನೆರಳು ಅಂಗಳದಲ್ಲಿ ತನ್ನ ನಡಿಗೆಯಲ್ಲಿ ತಾನು ಬಂತು. ಅದಕ್ಕೆ ಯಾವ ಅವಸರವೂ ಇರಲಿಲ್ಲ. ನಮ್ಮಲ್ಲಿ ಯಾರೂ ಎಲೆ ಅಡಿಕೆಯನ್ನೂ ಹಾಕಿಕೊಳ್ಳಲಿಲ್ಲ. ಮೊದಲು ಓಣಿಯ ಕೊನೆಯ ಮನೆಯ ಚಿಲಕ ಸರಿದ ಸದ್ದು ಕೇಳಿಸಿತು, ಆಮೇಲೆ ಬಾವಿಯ ಗಾಲಿ. ಕಂಬಳಿಯೊಳಗೆ ಪ್ರೆಸ್ಸು ವಯಸ್ಸಾದವರ ಮೊಣಕಾಲಿನ ಹಾಗೆ ಒಂದು ಸಲ ಟಕ್ ಎಂದಿತು. ಬಾಳವ್ವ ಕಂಬಳಿ ತೆಗೆದು ಮಡಚಿದಳು. ಸಂಕವ್ವ ಸ್ವಿಚ್ಚು ಒತ್ತಿದಳು. ಗಾಲಿ ತಿರುಗಿತು, ತಗಡು ಒಳಗೆ ಹೋಯಿತು, ಧಡ್.

ಸಾಹೇಬರು ಎದ್ದರು. ಕೂದಲು ಒಂದು ಕಡೆಗೆ ನಿಂತಿತ್ತು, ಕೆನ್ನೆಯ ಮೇಲೆ ಚಾಪೆಯ ಗೀರು ಮೂಡಿತ್ತು. ಪ್ರೆಸ್ಸಿನ ಮುಂದೆ ಬಂದು ನಿಂತು ಒಂದು ಅಲಗು ಬೀಳುವುದನ್ನು ನೋಡಿದರು. ಅಷ್ಟು ಸಾಕಿತ್ತು, ಆದರೆ ಇನ್ನೊಂದನ್ನೂ ನೋಡಿದರು. ಮತ್ತೂ ನೋಡಿದರು. ಚಹಾ ಕೇಳಿ ಕುಡಿದರು. ಜೀಪಿನ ಮುಂಭಾಗದ ಮೇಲೆ ಕಾಗದವಿಟ್ಟು ಸಹಿ ಹಾಕುವಾಗ, ಮುಂದಿನ ಊರಿನವರು ಬೆಳಿಗ್ಗೆಯಿಂದ ಕಾದು ಬಾಗಿಲು ಹಾಕಿಕೊಂಡು ಹೋಗಿರುತ್ತಾರೆ ಎಂದು ಡ್ರೈವರ್ ವಟಗುಟ್ಟಿದ. ನಾಳೆ ಇನ್ನೂ ಒಂದು ದಿನ ಇದೆಯಲ್ಲಪ್ಪ ಎಂದು ಅವನ ಬೆನ್ನು ತಟ್ಟಿ ಜೀಪು ಹತ್ತಿದರು. ಜಿನದತ್ತ ಹಿಂದೆ ಕುಳಿತು ಕಣ್ಣು ಒರೆಸಿಕೊಳ್ಳುತ್ತಿದ್ದ. ಧೂಳು ಬಿತ್ತೆಂದು ಹೇಳಿದ.

ಜೀಪು ಹಳ್ಳ ದಾಟಿದ ಮೇಲೆ ನಾವು ಒಳಗೆ ಬಂದೆವು. ಪ್ರೆಸ್ಸಿನ ಕಾಲುಪಟ್ಟಿಯನ್ನು ಗೌರವ್ವ ಒತ್ತುತ್ತಿದ್ದಳು, ಅಲಗುಗಳು ಒಂದರ ಮೇಲೊಂದು ಬೀಳುತ್ತಿದ್ದವು. ಸಂಕವ್ವ ಎಲ್ಲಿ ಎಂದು ನೋಡಿದರೆ, ಸಾಹೇಬರು ಎದ್ದುಹೋದ ಚಾಪೆಯ ಮೇಲೆ, ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಸಂಜೆ ದೀಪ ಹಚ್ಚುವ ಹೊತ್ತು. ಕಬ್ಬಿಣವೆಲ್ಲ ಎದ್ದು ಕೆಲಸ ಮಾಡುವ ಹೊತ್ತು. ಆ ಹೊತ್ತಿನಲ್ಲಿ ನಮ್ಮೂರಿನಲ್ಲಿ ಯಾರೂ ಮಲಗುವುದಿಲ್ಲ.

ಯಾರೂ ಅವಳನ್ನು ಎಬ್ಬಿಸಲಿಲ್ಲ.